ಅಡುಗೆಯವನ ಕೈಯ ಬಂದೂಕು

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಾನು ಸೇವೆಯಿಂದ ನಿವೃತ್ತಳಾದೆ. ನಗಬೇಡಿ. ನಮ್ಮ ಬಳಗದ ನಿಯಮಾವಳಿಯಲ್ಲಿ ರಾಜೀನಾಮೆ ಎಂಬ ಪದವೇ ಇಲ್ಲ. ಕೆಲಸ ಬಿಡುವವರು ಒಂದೋ ನಿವೃತ್ತರಾಗಬೇಕು, ಇಲ್ಲವೇ ಓಡಿಹೋದವರೆಂದು ದಾಖಲಾಗಬೇಕು. ನಿಯಮ ಬರೆದವರೆಲ್ಲ ಸೈನ್ಯದಲ್ಲಿ ದುಡಿದು ಬಂದವರು. ಮೂರನೆಯ ದಾರಿಯೊಂದು ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ ಎಂದು ಪತ್ರ ಕೊಟ್ಟಾಗ ಅಧ್ಯಕ್ಷರು ಅದನ್ನು ಎರಡು ಸಲ ಓದಿ, "ನಿವೃತ್ತಿ ಅಂತ ಬರೀರಿ ವಕೀಲಬಾಯಾರ. ಓಡಿಹೋದ್ರು ಅಂತ ಬರಿಯಾಕ ನನಗ ಕೈ ಬರೂದಿಲ್ಲ" ಎಂದರು. ಹೀಗಾಗಿ ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಹನ್ನೊಂದು ಸಲ್ಯೂಟುಗಳ ಸಮೇತ ನಾನು ನಿವೃತ್ತಳು. ನನ್ನ ಕುರ್ಚಿಗೆ ಬರುವವರು ಈ ಕೆಲಸ ನಿಜವಾಗಿ ಹೇಗಿರುತ್ತದೆಂದು ತಿಳಿದು ಬರಲಿ ಎಂದು ಬರೆದಿಡುತ್ತಿದ್ದೇನೆ.

ನಾನು ವಕೀಲಳಲ್ಲ. ಮಾತಿಗೆ ಮಾತು ಕೊಡುತ್ತೇನೆ ಎಂಬ ಒಂದೇ ಕಾರಣಕ್ಕೆ ಆ ಹೆಸರು ಅಂಟಿತು. ನಮ್ಮದು ಯುದ್ಧ ಬೇಡವೆನ್ನುವ ಮಾಜಿ ಸೈನಿಕರ ಬಳಗ. ಸದಸ್ಯರು ಹನ್ನೊಂದು ಜನ. ಕಚೇರಿ ಬೆಳಗಾವಿಯ ಶಹಾಪುರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಕೆಳಗೆ ಜೋಳ ಬೀಸಲು ಶುರುವಾದರೆ ಮೇಲೆ ಫೈಲುಗಳು ನಡುಗುತ್ತವೆ. ಸಂಜೆಯ ಹೊತ್ತಿಗೆ ನಾವೆಲ್ಲ ಹಿಟ್ಟು ಉದುರಿಸಿದ ರೊಟ್ಟಿಗಳಂತೆ ಕಾಣುತ್ತೇವೆ. ನಾನು ಅಲ್ಲಿ ಏಕೈಕ ಸಂಬಳದ ನೌಕರಳು, ಕಾರ್ಯದರ್ಶಿ.

ಆಯ್ಕೆ ನಡೆದ ಬಗೆಯನ್ನು ಹೇಳಲೇಬೇಕು. ಕಾಲೇಜಿನ ಕೊನೆಯ ವರ್ಷ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ 'ಯುದ್ಧ ಅನಿವಾರ್ಯ' ಎಂಬ ಪಕ್ಷ ಬಂದಿತ್ತು. ಅದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಎದುರು ಪಕ್ಷದಲ್ಲೂ ಅಷ್ಟೇನೂ ಇರಲಿಲ್ಲ. ಆದರೂ ಗೆದ್ದೆ. ಬಹುಮಾನ ಕೊಡಲು ಬಂದಿದ್ದ ಬಳಗದ ಅಧ್ಯಕ್ಷ, ನಿವೃತ್ತ ಸುಬೇದಾರ್ ಬಸಲಿಂಗಪ್ಪನವರು ಕಪ್ಪನ್ನು ಕೈಗೆ ಕೊಡದೆ ಹಿಡಿದುಕೊಂಡೇ ಮಾತಿಗೆ ನಿಂತರು.

"ತಂಗಿ, ಇಪ್ಪತ್ತೆಂಟು ವರ್ಷ ಪಲ್ಟಣದಾಗಿದ್ದೆ. ಯುದ್ಧ ಯಾಕ ಬೇಕು ಅಂತ ಒಬ್ಬ ಸಾಹೇಬನೂ ನನಗ ಇಷ್ಟು ಚಲೋ ತಿಳಿಸಿ ಹೇಳಿದ್ದಿಲ್ಲ. ನಮ್ಮ ಕಡೆ ಕೆಲಸಕ್ಕ ಬರ್ತೀರೇನು?"

"ನಿಮ್ಮ ಕಡೆ ಅಂದ್ರ ಯಾವ ಕಡೆ ರೀ?"

"ಯುದ್ಧ ಬ್ಯಾಡ ಅನ್ನೂ ಕಡೆ. ನಮ್ಮವರಿಗೆ ಬ್ಯಾಡ ಅನ್ನೂದು ಗೊತ್ತೈತಿ, ಮಾತಾಡಾಕ ಬರೂದಿಲ್ಲ. ನಿಮಗ ಮಾತಾಡಾಕ ಬರತೈತಿ, ಗೊತ್ತಿಲ್ಲ. ಜೋಡಿ ಬರೋಬ್ಬರಿ ಆಗತೈತಿ."

ಆರು ವರ್ಷದಲ್ಲಿ ಈ ತರ್ಕದಲ್ಲಿ ದೋಷ ಹುಡುಕಲು ನನಗೆ ಆಗಲಿಲ್ಲ.

ಮೊದಲ ದಿನ ಹತ್ತು ಗಂಟೆಗೆ ಹೋದರೆ ಗಿರಣಿಯ ಮುಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಹಾಜರಿ ನಡೆಯುತ್ತಿತ್ತು. ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿ ಹಿಡಿದು ಇವರನ್ನು ಸುತ್ತಿಕೊಂಡು ಹೋಗುತ್ತಿದ್ದರು. ಸರಿಯಾಗಿ ಹತ್ತಕ್ಕೆ ಬಂದವನೊಬ್ಬನಿಗೆ ಐದು ನಿಮಿಷ ತಡ ಮಾಡಿದ್ದಕ್ಕೆ ಬೈಗುಳ ಬಿತ್ತು, ಏಕೆಂದರೆ ಹತ್ತು ಗಂಟೆ ಎಂದರೆ ಒಂಬತ್ತೂ ಐವತ್ತೈದು. ಇಂಥ ಶಿಸ್ತಿನಲ್ಲಿ ಶಿಸ್ತಿನ ವಿರುದ್ಧ ಹೇಗೆ ಮಾತಾಡುತ್ತೀರಿ ಎಂದು ನಾನು ಕೇಳಿದೆ. ಸುಬೇದಾರರು ಗಂಭೀರವಾಗಿ, "ಟೈಮಿಗೆ ಸರಿಯಾಗಿ ಮಾತಾಡ್ತೀವಿ" ಎಂದರು.

ಕೆಲಸದ ರೀತಿ ಆರು ವರ್ಷದಲ್ಲಿ ಬಹಳ ಬದಲಾಯಿತು. ನಾನು ಸೇರಿದಾಗ ಕರಪತ್ರ ಹಂಚುತ್ತಿದ್ದೆವು, ಈಗೆಲ್ಲ ವಾಟ್ಸಾಪ್. ಸುಬೇದಾರರು ಮಾತ್ರ ಅದನ್ನೂ ವೈರ್‌ಲೆಸ್ ಎಂದೇ ತಿಳಿದಿದ್ದಾರೆ. ಪ್ರತಿ ಸಂದೇಶದ ಕೊನೆಗೆ 'ಸಂದೇಶ ಮುಗಿಯಿತು' ಎಂದು ಬರೆಯುತ್ತಾರೆ. ಸದಸ್ಯರೊಬ್ಬರ ಮಾವ ತೀರಿಕೊಂಡಾಗಲೂ 'ಅವರ ಆತ್ಮಕ್ಕೆ ಶಾಂತಿ ಸಿಗಲಿ. ಸಂದೇಶ ಮುಗಿಯಿತು' ಎಂದೇ ಹೋಯಿತು. ಹೊಸಬರು ಇದನ್ನು ತಿದ್ದಲು ಹೋಗಬೇಡಿ. ನಾನು ಒಮ್ಮೆ ತಿದ್ದಿದೆ. ಆ ದಿನ ಮೂವರು ಮುಂದಿನ ಸಾಲಿಗಾಗಿ ಊಟ ಬಿಟ್ಟು ಕಾಯುತ್ತ ಕುಳಿತರು.

ಧರಣಿಗೆ ಹೊರಡುವಾಗ ಎಲ್ಲರೂ ಹಾಸಿಗೆ ಸುರುಳಿ ಕಟ್ಟಿಕೊಂಡು ಬರುತ್ತಿದ್ದರು. ಬಂಧನವಾದರೆ ಹಿಂಡಲಗಾ ಜೈಲಿನಲ್ಲಿ ಚಳಿ ಎಂದು. ಆರು ವರ್ಷ, ಒಂದೇ ಒಂದು ಸಲವೂ ಯಾರೂ ಬಂಧಿಸಲಿಲ್ಲ. ಕಲೆಕ್ಟರ್ ಕಚೇರಿಯ ಮುಂದೆ ಬಂದೋಬಸ್ತಿಗೆ ನಿಂತ ಪೊಲೀಸರು ಇವರ ನಿಲುವು ನೋಡಿ ತಾವೇ ನೆಟ್ಟಗಾಗಿ ಸಲ್ಯೂಟ್ ಹೊಡೆಯುತ್ತಿದ್ದರು, ನೆರಳಿಗೆ ಕುರ್ಚಿ ಹಾಕಿಸುತ್ತಿದ್ದರು. ಸಂಜೆ ಸುರುಳಿ ಬಿಚ್ಚದೆ ವಾಪಸು ಹೊತ್ತುಕೊಂಡು ಬರುವಾಗ ಸುಬೇದಾರರ ಮುಖ ನೋಡಲಾಗುತ್ತಿರಲಿಲ್ಲ.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕೆಂದಿರುವುದು ಖಾನಾಪುರದ ಪ್ರಕರಣ. ಅದರಲ್ಲಿ ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಖಾನಾಪುರ ತಾಲ್ಲೂಕಿನಲ್ಲಿ ಬೆಳಗಿನ ಜಾವ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ, ರಸ್ತೆಯ ಬದಿಗೆ ಹುಡುಗರು ಓಡುತ್ತಿರುತ್ತಾರೆ. ಸೈನ್ಯದ ಭರ್ತಿಗೆ ತಯಾರಿ. ಅಂಥ ಕಡೆ ಮೌನ ಶಾಂತಿ ನಡಿಗೆ ಮಾಡಬೇಕು ಎಂದು ಬಳಗ ನಿರ್ಣಯಿಸಿತು. ರೈಲು ನಿಲ್ದಾಣದಿಂದ ಬಸ್ ನಿಲ್ದಾಣದವರೆಗೆ. ನಾನು ಒಂದೇ ಶರತ್ತು ಹಾಕಿದೆ: ಹೆಜ್ಜೆ ಹಾಕಬಾರದು, ಜನ ನಡೆದ ಹಾಗೆ ನಡೆಯಬೇಕು.

"ಸಂತೀಗೆ ಹೊಂಟವರಂಗ ನಡೀರಿ ಅಷ್ಟ" ಎಂದೆ.

ಇದಕ್ಕೆ ತರಬೇತಿ ಬೇಕಾಯಿತು. ಗಿರಣಿಯ ಮುಂದೆ ಸುಬೇದಾರರು "ಹೆಜ್ಜೆ... ತಪ್ಪಿಸ್!" ಎಂದು ಕೂಗಿದರು. ಹನ್ನೊಂದು ಜನರೂ ಒಂದೇ ಕ್ಷಣಕ್ಕೆ, ಒಂದೇ ಕಾಲಿನಲ್ಲಿ, ಒಂದೇ ಅಳತೆಗೆ ಹೆಜ್ಜೆ ತಪ್ಪಿಸಿದರು. ಅಷ್ಟು ಶಿಸ್ತಿನ ಅಶಿಸ್ತನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಖಾನಾಪುರದಲ್ಲಿ ಐವತ್ತು ಹೆಜ್ಜೆಯೊಳಗೆ ಆಗಬೇಕಾದ್ದು ಆಯಿತು. ಎಡ, ಬಲ, ಎಡ, ಬಲ. ನಾವು ಹಿಡಿದ ಬ್ಯಾನರನ್ನು ಓದುವವರು ಯಾರು? ಕಾಲು ನೋಡಿದರು, ಸೈನ್ಯದವರು ಬಂದಿದ್ದಾರೆ ಎಂದರು. ಅರ್ಧ ದಾರಿಗೆ ಹಿಂದೆ ತಿರುಗಿ ನೋಡಿದರೆ ಇಪ್ಪತ್ತು ಇಪ್ಪತ್ತೈದು ಹುಡುಗರು ನಮ್ಮ ಹಿಂದೆ ಸಾಲು ಕಟ್ಟಿ ಬರುತ್ತಿದ್ದರು, ಎದೆ ಉಬ್ಬಿಸಿಕೊಂಡು. ಭರ್ತಿ ಎಲ್ಲಿ ರೀ, ದಾಖಲೆ ಏನು ತರಬೇಕ್ರಿ ಎಂದು ಕೇಳುತ್ತಿದ್ದರು. ಬಸ್ ನಿಲ್ದಾಣದಲ್ಲಿ ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಬ್ಯಾನರ್ ಹೊಲಿಯುವ ನಮ್ಮ ಹವಾಲ್ದಾರ್ ದಸ್ತಗೀರ್ ಸಾಹೇಬರು ಜೇಬಿನಿಂದ ಟೇಪು ತೆಗೆದು ಒಬ್ಬನ ಎದೆ ಅಳೆಯುತ್ತಿದ್ದರು.

"ಸಾಹೇಬ್ರ, ಏನ್ ಮಾಡಾಕತ್ತೀರಿ?"

"ಕೇಳಿದಾ, ಪಾಪ. ಎರಡ ಇಂಚು ಕಡಿಮಿ ಐತಿ ಬೇಟಾ. ದಂಡ ಹೊಡಿ, ಬಾಳಿಹಣ್ಣು ತಿನ್ನು."

"ನಾವು ಬ್ಯಾಡ ಅನ್ನಾಕ ಬಂದೀವಿ!"

"ಬ್ಯಾಡ ಅನ್ನಾಕೂ ಎಷ್ಟೈತಿ ಅಂತ ಗೊತ್ತಿರಬೇಕಲ್ಲ?"

ದಸ್ತಗೀರ್ ಸಾಹೇಬರು ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಮೃದು ಮನುಷ್ಯ. ಅಳತೆ ತಪ್ಪಿದ್ದನ್ನು ಮಾತ್ರ ಸಹಿಸುವುದಿಲ್ಲ. ಇದು ಮುಂದೆ ಮುಖ್ಯವಾಗುತ್ತದೆ.

ಆ ಗದ್ದಲದಲ್ಲಿ ಒಬ್ಬ ಹೆಂಗಸು, ಐವತ್ತು ದಾಟಿರಬಹುದು, ಹುಡುಗರನ್ನು ಸರಿಸಿಕೊಂಡು ನೇರ ಸುಬೇದಾರರ ಮುಂದೆ ಬಂದು ನಿಂತಳು. ಹೆಸರು ನೀಲವ್ವ. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯವಳು. ಊರ ಹೆಸರು ಬೇಡ.

"ನೀವು ಮಿಲಿಟ್ರಿಯವ್ರಲ್ರಿ? ಹೆಜ್ಜಿ ನೋಡಿದೆ. ನಮ್ಮೂರವರಿಗೊಂದು ಆರ್ಡರ್ ಮಾಡ್ರಿ ಯಪ್ಪಾ."

"ಏನಂತ ಮಾಡಬೇಕವ್ವಾ?"

"ನನ್ನ ಮಗನ ಕೈಯಾಗಿಂದು ಬಂದೂಕು ತಗೀರಿ ಅಂತ."

ಅವಳ ಮಗ ಈರಣ್ಣ ಸೈನ್ಯದಲ್ಲಿ ಅಡುಗೆಯವನಾಗಿದ್ದ. ಹಿಮದ ಸೀಮೆಯಲ್ಲಿ ರೇಷನ್ ಟ್ರಕ್ಕು ಕಣಿವೆಗೆ ಉರುಳಿ ಸತ್ತ. ಊರು ಅವನನ್ನು ಮೆರವಣಿಗೆಯಲ್ಲಿ ತಂದಿತು, ಅತ್ತಿತು, ಈಗ ಮೂರ್ತಿ ನಿಲ್ಲಿಸುತ್ತಿತ್ತು. ಕಟ್ಟೆ ಎದ್ದಿತ್ತು. ಬೆಳಗಾವಿಯ ಆಟೋ ನಗರದಲ್ಲಿ ಫೈಬರ್ ಮೂರ್ತಿ ತಯಾರಾಗುತ್ತಿತ್ತು, ಕೈಯಲ್ಲಿ ಬಂದೂಕು. ನೀಲವ್ವ ಸೆರಗಿನ ಗಂಟಿನಿಂದ ಫೋಟೋ ತೆಗೆದಳು. ದೊಡ್ಡ ಪಾತೇಲಿಯ ಮುಂದೆ ಸೌಟು ಹಿಡಿದು ನಗುತ್ತ ನಿಂತ ಹುಡುಗ, ಮುಖಕ್ಕೆ ಹಬೆ.

"ಇವಾ ನನ್ನ ಮಗಾ. ಹೊಗಿ ಜೋಡಿ ಬಿಟ್ರ ಯಾರ ಜೋಡೀನೂ ಜಗಳಾಡಿದವಲ್ಲ. ಕಟ್ಟಿ ನನ್ನ ಬಾಗಲಾ ಎದರನ್ಯಾಗ ಐತಿ. ಮುಂಜಾನೆದ್ದು ಬಾಗಲಾ ತಗದ್ರ ಹಡದ ಮಗಾ ನನಗ ಬಂದೂಕು ಹಿಡದು ನಿಂತಿರಬೇಕೇನ್ರಿ?"

ನಾವು ಸೈನ್ಯದವರಲ್ಲ, ಆರ್ಡರ್ ಮಾಡುವ ಅಧಿಕಾರ ಇಲ್ಲ ಎಂದು ನಾನು ವಿವರಿಸತೊಡಗಿದೆ. ಸುಬೇದಾರರು ತಡೆದರು. "ಆತು ಅವ್ವಾ. ತಗಸ್ತೀವಿ" ಎಂದರು. ಅಷ್ಟೂ ವರ್ಷದಲ್ಲಿ ನಮ್ಮನ್ನು ಹುಡುಕಿಕೊಂಡು ಬಂದು ಕೆಲಸ ಹೇಳಿದ ಮೊದಲ ವ್ಯಕ್ತಿ ಅವಳು. ಅವಳೂ ತಪ್ಪು ತಿಳಿದು ಬಂದವಳೇ.

ಮರುದಿನದಿಂದ ಕಾರ್ಯಾಚರಣೆ ಶುರುವಾಯಿತು. ನಾನಾಗಿದ್ದರೆ ಊರಿನ ಮೂರ್ತಿ ಸಮಿತಿಯ ಮುಖ್ಯಸ್ಥರಿಗೆ ಒಂದು ಫೋನು ಮಾಡುತ್ತಿದ್ದೆ. ಇವರು ಮೊದಲು ಸ್ಥಳ ಪರಿಶೀಲನೆ ಎಂದರು. ಅನಿರೀಕ್ಷಿತವಾಗಿ ಹೋಗಬೇಕು ಎಂದು ಬೆಳಗಿನ ಐದು ಗಂಟೆಗೆ ಹಳ್ಳಿ ಮುಟ್ಟಿದೆವು. ನಿಜಕ್ಕೂ ಅನಿರೀಕ್ಷಿತವಾಗಿತ್ತು, ಊರೆಲ್ಲ ಮಲಗಿತ್ತು. ಎಚ್ಚರವಿದ್ದವಳು ನೀಲವ್ವ ಒಬ್ಬಳೇ. ಅವಳು ಹನ್ನೆರಡು ಜನಕ್ಕೆ ಚಹಾ ಮಾಡಿದಳು, ಇವರು ಕಂಪಾಸು ಹಿಡಿದು ಕಟ್ಟೆ ಅಳೆದರು, ಮರಳಿದೆವು. ಆಮೇಲೆ ಕಚೇರಿಯ ನೆಲದ ಮೇಲೆ ಮರಳು ಸುರಿದು ಇಡೀ ಊರನ್ನು ಮಾಡಿದರು. ಮನೆಗಳಿಗೆ ಬೆಂಕಿಪೆಟ್ಟಿಗೆ, ದಾರಿಗೆ ರಂಗೋಲಿ ಪುಡಿ. ನಡುವೆ ಕಟ್ಟೆ. ಪೂರ್ವಕ್ಕೆ ನೀಲವ್ವನ ಬಾಗಿಲು, ಉತ್ತರಕ್ಕೆ ಶಾಲೆ, ದಕ್ಷಿಣಕ್ಕೆ ಹಾಲಿನ ಡೇರಿ, ಪಶ್ಚಿಮಕ್ಕೆ ಸಮಿತಿಯ ಮುಖ್ಯಸ್ಥ ತಾತ್ಯಾ ಅವರ ಮನೆ. ದಸ್ತಗೀರ್ ಸಾಹೇಬರು ಬಂದೂಕಿನ ಬಾಯಿ ಬರಬೇಕಾದ ಜಾಗದಿಂದ ಒಂದು ದಾರ ಎಳೆದರು. ಅದು ನೀಲವ್ವನ ಬೆಂಕಿಪೆಟ್ಟಿಗೆಯ ನಡುಮಧ್ಯಕ್ಕೆ ಹೋಗಿ ನಿಂತಿತು. ಕೆಳಗೆ ಗಿರಣಿ ಶುರುವಾಗಿ ಊರು ನಡುಗಿತು.

ಮುಂದಿನ ದಾಳಿ ಆಟೋ ನಗರಕ್ಕೆ. ಸುಬೇದಾರರು, ದಸ್ತಗೀರ್ ಸಾಹೇಬರು, ನಾನು. ಲಾರಿ ಬಾಡಿ ಕಟ್ಟುವ ಶೆಡ್ಡುಗಳ ನಡುವೆ ಪ್ರಕಾಶ ಮಿಸ್ತ್ರಿಯ ಫೈಬರ್ ಶೆಡ್ಡು. ಒಳಗೆ ಹೋಗಿ ಚಾದರ ಎತ್ತಿದರೆ ಆಳೆತ್ತರದ ಸೈನಿಕ. ಮುಂದಕ್ಕೆ ಓಡುವ ಕಾಲು, ಬಾಯಿ ತೆರೆದು ಕೂಗುವ ಮುಖ, ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದ ಬಂದೂಕು, ಹೆಗಲ ಮೇಲೆ ಅಧಿಕಾರಿಯ ಮೂರು ನಕ್ಷತ್ರ. ನಕ್ಷತ್ರ ಕಂಡದ್ದೇ ಇಬ್ಬರೂ ಪಟ್ಟನೆ ಕಾಲು ಜೋಡಿಸಿ ಸಲ್ಯೂಟ್ ಹೊಡೆದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂರು ನಕ್ಷತ್ರ ಯಾಕೋ? ಹುಡುಗ ಅಡಗಿಯವ ಇದ್ದ" ಎಂದರು ಸುಬೇದಾರರು.

"ಸಾಚಾದಾಗ, ಅಂದ್ರ ಅಚ್ಚಿನ್ಯಾಗ, ಹಂಗ ಬರತಾವ ಸಾಹೇಬ್ರ. ಇರೂದೊಂದ ಸಾಚಾ. ಯಾವ ಊರಿಗಿ ಬೇಕಾದ್ರೂ ಇದಾ ಹೋಗತೈತಿ. ಮೀಸಿ ಅಷ್ಟ ಬದ್ಲಿ ಮಾಡ್ತೀನಿ."

ಆ ಹೊತ್ತಿಗೆ ದಸ್ತಗೀರ್ ಸಾಹೇಬರು ಕನ್ನಡಕ ಹಾಕಿಕೊಂಡು ಬಂದೂಕಿಗೆ ಮೂಗು ತಾಗಿಸಿ ನಿಂತಿದ್ದರು. ಅವರ ಕುತ್ತಿಗೆ ಕೆಂಪಗಾಗುತ್ತಿತ್ತು.

"ಇದೇನಿದು? ಮ್ಯಾಗಜೀನ್ ಉಲ್ಟಾ ಐತಿ. ಹಿಂಗ ಹಾಕಿ ಹೊಡದ್ರ ಗುಂಡು ಅವನ ಹೊಟ್ಟಿಗೇ ಬರತಾವ!"

"ಫೈಬರ್ ರೀ ಸಾಹೇಬ್ರ, ಗುಂಡು ಎಲ್ಲಿಂದ ಬರಬೇಕು?"

"ಫೈಬರ್ ಆದ್ರ ಏನು, ಲೆಕ್ಕ ಲೆಕ್ಕನ. ಹೆಗಲಿಗಿ ಹಾಕೂ ಪಟ್ಟಿ ಎಲ್ಲಿ? ಬೆರಳು ನೋಡ್ರಿ, ಟ್ರಿಗರ್ ಮ್ಯಾಲೆ! ಓಡೂವಾಗ ಯಾರರ ಟ್ರಿಗರ್ ಮ್ಯಾಲೆ ಬೆರಳು ಇಡತಾರೇನು?"

ಇಲ್ಲಿ ನಾನು ಬಾಯಿ ಹಾಕಿದೆ. ಬೆರಳು ಟ್ರಿಗರಿನ ಮೇಲಿರುವುದೆಂದರೆ ಕೊಲ್ಲುವ ಉದ್ದೇಶದ ಪ್ರದರ್ಶನ, ಬೆರಳು ಹೊರಗಿದ್ದರೆ ಸಂಯಮದ ಸಂಕೇತ, ಆದ್ದರಿಂದ ತತ್ತ್ವತಃ ಬೆರಳನ್ನು ಹೊರಗಿಡಲೇಬೇಕು ಎಂದು ವಾದಿಸಿದೆ. ಮಿಸ್ತ್ರಿ ಮೊದಲು ಒಪ್ಪಲಿಲ್ಲ. ಅರ್ಧ ತಾಸು ವಾದ ಮಾಡಿ ಒಪ್ಪಿಸಿದೆ. ಗೆದ್ದ ಹುರುಪು ನನಗೆ ಇನ್ನೂ ನೆನಪಿದೆ.

ಸಂಜೆಯ ಹೊತ್ತಿಗೆ ಹಳೆಯ ಬಂದೂಕನ್ನು ಗರಗಸದಿಂದ ಕೊಯ್ದು ಕೈಗಳಿಂದ ಬಿಡಿಸಿದ್ದಾಯಿತು. ದಸ್ತಗೀರ್ ಸಾಹೇಬರು ಕಾಗದದ ಮೇಲೆ ಅಳತೆ ಸಮೇತ ಸರಿಯಾದ ಬಂದೂಕಿನ ಚಿತ್ರ ಬರೆದುಕೊಟ್ಟರು. ಅದನ್ನು ಬೇರೆಯೇ ಮಾಡಿ ಅಂಗೈಗೆ ಎರಡು ಬೋಲ್ಟಿನಿಂದ ಕೂಡಿಸುವುದೆಂದು ಮಿಸ್ತ್ರಿ ಹೇಳಿದ. ನಕ್ಷತ್ರ ಕೆರೆದದ್ದಾಯಿತು. ಕೊನೆಗೆ ಅವನು, "ಮತ್ತ ಮಾತು ಬರಬಾರದು ರೀ, ಇದರ ಮ್ಯಾಲೊಂದು ಸಹಿ ಹಾಕ್ರಿ" ಎಂದ. ಸುಬೇದಾರರು ಹುದ್ದೆಯ ಸಮೇತ ಸಹಿ ಮಾಡಿ ಬಳಗದ ಮುದ್ರೆ ಒತ್ತಿದರು. ಕೆಳಗೆ ನಾನೂ ಸಹಿ ಹಾಕಿದೆ.

ಮೂವರೂ ತೃಪ್ತರಾಗಿ ಟೆಂಪೊ ಹತ್ತಿದೆವು. ಚೆನ್ನಮ್ಮ ಸರ್ಕಲ್ ದಾಟುವಾಗ ನನಗೆ ಫೋನು ಬಂತು. ನೀಲವ್ವ.

"ತಗಸಿದ್ರೇನ್ರಿ ಬಂದೂಕು?"

ನಾನು ಸುಬೇದಾರರನ್ನು ನೋಡಿದೆ. ಅವರು ದಸ್ತಗೀರ್ ಸಾಹೇಬರನ್ನು ನೋಡಿದರು. ದಸ್ತಗೀರ್ ಸಾಹೇಬರು ಟೆಂಪೊದ ತಳ ನೋಡಿದರು.

"ಇಲ್ರಿ ಅವ್ವಾ" ಎಂದೆ. "ತಿದ್ದಿಸಿದ್ವಿ."

ಅವಳು ಫೋನು ಇಟ್ಟಳು. ಬೈದಿದ್ದರೆ ಪ್ರತಿವಾದ ಹೂಡಬಹುದಿತ್ತು.

ಹೊಸಬರು ಇದನ್ನು ಗಮನವಿಟ್ಟು ಓದಿ. ನಮ್ಮವರು ಬಂದೂಕನ್ನು ದ್ವೇಷಿಸುತ್ತಾರೆ, ಖರೇ. ಆದರೆ ತಪ್ಪಾಗಿ ಹಿಡಿದ ಬಂದೂಕನ್ನು ಅದಕ್ಕಿಂತ ಹೆಚ್ಚು ದ್ವೇಷಿಸುತ್ತಾರೆ. ನಾನೋ, ಗೆಲ್ಲಬಹುದಾದ ಸಣ್ಣ ಮಾತೊಂದು ಸಿಕ್ಕರೆ ಬಂದ ಕೆಲಸವನ್ನೇ ಮರೆಯುವವಳು. ನಾವು ಮೂವರು ಒಂದೆಡೆ ಸೇರಿದರೆ ಇದಲ್ಲದೆ ಇನ್ನೇನಾಗಬೇಕಿತ್ತು?

ಊರ ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರಿತು. ಮೂರ್ತಿಯ ಅನಾವರಣಕ್ಕೆ ನಾಲ್ಕೇ ದಿನ ಉಳಿದಿತ್ತು. ನಾನು ಹನ್ನೆರಡು ಅಂಶಗಳ ಮನವಿ ಬರೆದುಕೊಂಡು ಹೋಗಿದ್ದೆ. ಮೊದಲ ಅಂಶ ಓದಿ ಮುಗಿಸುವ ಮೊದಲೇ ತಾತ್ಯಾ ಜೇಬಿನಿಂದ ಕಾಗದ ತೆಗೆದರು.

"ಅಹೋ ಬಾಯಾರ, ಈ ಸಹಿ ಯಾರದು? ಬಂದೂಕು ಹೆಂಗಿರಬೇಕು ಅಂತ ಇಂಚಿನ ಲೆಕ್ಕದಾಗ ಬರದು ಕೊಟ್ಟವರು ನೀವಾ. ಈಗ ಬಂದೂಕಾ ಬ್ಯಾಡ ಅಂತೀರಿ. ನಾವು ಯಾರ ಮಾತು ಕೇಳೂಣು, ಆವತ್ತಿನ ನಿಮ್ಮದೋ ಇವತ್ತಿನ ನಿಮ್ಮದೋ?"

ಸಭೆ ನಕ್ಕಿತು. ತಾತ್ಯಾ ಕೆಟ್ಟವರಲ್ಲ. ಈರಣ್ಣನ ಶವಕ್ಕೆ ಹೆಗಲು ಕೊಟ್ಟವರು, ಕಟ್ಟೆಗೆ ತಮ್ಮ ಹಿತ್ತಲಿನ ಕಲ್ಲು ಕೊಟ್ಟವರು. ಇಂಥ ಎದುರಾಳಿಯ ಮುಂದೆ ವಾದ ಮಾಡುವುದು ಬಹಳ ಕಷ್ಟ.

"ಮೂರ್ತಿ ಖರೇ ಹೇಳಬೇಕೋ ಸುಳ್ಳೋ?" ಎಂದೆ. "ಅವರು ಅಡಗಿ ಮಾಡತಿದ್ರು. ಸೌಟು ಕೊಡ್ರಿ."

"ಕಟ್ಟಿ ಮ್ಯಾಲೆ ಸೌಟು ಹಿಡದವನ್ನ ನಿಲ್ಲಿಸಿದ್ರ ಖಾನಾವಳಿ ಬೋರ್ಡ್ ಅಂತಾರ" ಎಂದರು ತಾತ್ಯಾ. ಹಿಂದಿನಿಂದ ಒಬ್ಬ, "ಗೋವಾಕ ಹೋಗೂ ಗಾಡಿ ಎಲ್ಲಾ ಊಟಕ್ಕ ನಿಂದರತಾವ" ಎಂದ. ಮತ್ತೆ ನಗೆ. ತಾತ್ಯಾ ನಗಲಿಲ್ಲ. "ನಗಬ್ಯಾಡ್ರೋ. ಬಾಯಾರ, ಒಂದು ತಿಳ್ಕೋರಿ. ನಾವು ಅವಂಗ ದೊಡ್ಡದು ಏನರ ಕೊಡಬೇಕಂತೀವಿ. ನಮಗ ಗೊತ್ತಿರೂದು ಇದೊಂದ."

ನನಗೆ ಮರಳಿನ ಮೇಲಿನ ದಾರ ನೆನಪಾಯಿತು.

"ಆತ್ರಿ ತಾತ್ಯಾ. ಬಂದೂಕು ಅಷ್ಟು ದೊಡ್ಡ ಮಾನ ಅಂದ್ರ ಅದರ ಬಾಯಿ ನೀಲವ್ವನ ಬಾಗಲಕ್ಕ ಯಾಕ? ತಿರಗಿಸ್ರಿ. ನಿಮ್ಮ ಮನಿ ಕಡೆ ಇಡ್ರಿ."

ಕೋಣೆ ತುಸು ಗಲಿಬಿಲಿಯಾಯಿತು. ಹೆಂಗಸರ ಕಡೆ ಕೂತಿದ್ದ ತಾತ್ಯಾ ಅವರ ಹೆಂಡತಿ ಎದ್ದೇ ನಿಂತರು. "ನಮ್ಮ ಮನಿ ಕಡೆ ಯಾಕ? ಸೊಸಿ ಬಾಣಂತಿ ಅದಾಳ."

"ಹಂಗಾದ್ರ ಸಾಲಿ ಕಡೆ."

"ಹುಡುಗರು ಹೋಗಿ ಬರೂ ಜಾಗಾ ರೀ ಅದು!" ಎಂದರು ಮಾಸ್ತರರು.

"ಡೇರಿ ಕಡೆ?"

ಡೇರಿಯ ಕಾರ್ಯದರ್ಶಿ ಯೋಚಿಸಿ, ಎಮ್ಮೆಗಳು ಬೆದರಿದರೆ ಯಾರು ಹೊಣೆ ಎಂದರು. ಫೈಬರಿಗೆ ಎಮ್ಮೆ ಬೆದರುತ್ತದೆಯೇ ಎಂದು ಇನ್ನೊಬ್ಬ ಕೇಳಿದ. ತನ್ನ ಎಮ್ಮೆ ಛತ್ರಿಗೂ ಬೆದರುತ್ತದೆ ಎಂದು ಮತ್ತೊಬ್ಬ ಹೇಳಿದ. ಮುಕ್ಕಾಲು ತಾಸು ಸಭೆ ಬಂದೂಕನ್ನು ಊರೆಲ್ಲ ಸುತ್ತಿಸಿತು. ಅದು ಬೇಕು ಎನ್ನುವವರೇ ಎಲ್ಲ. ತನ್ನ ಕಡೆ ಮುಖ ಮಾಡಲಿ ಎನ್ನುವವನು ಒಬ್ಬನೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ. ಸುಬೇದಾರರು ಮೆಲ್ಲಗೆ ನನ್ನ ಬೆನ್ನು ತಟ್ಟಿದರು ಕೂಡ.

ಆಮೇಲೆ ಕೈ ಎತ್ತಿಸಿದರು. ಬಂದೂಕು ಇರಲಿ ಎಂದು ಇಡೀ ಕೋಣೆ ಕೈ ಎತ್ತಿತು. ದಿಕ್ಕು ಹೇಗಿದೆಯೋ ಹಾಗೇ ಇರಲಿ ಎಂದೂ ಕೈ ಎತ್ತಿತು. "ಮಗಾ ಅವ್ವನ್ನ ಕಾಯತಾನ ಅಂತ ತಿಳ್ಕೋ ನೀಲಾ" ಎಂದರು ತಾತ್ಯಾ, ಮೆತ್ತಗೆ.

ಹೊರಗೆ ಬಂದಾಗ ನಾನು ಮೇಲ್ಮನವಿ, ತಹಶೀಲ್ದಾರರು, ತಡೆಯಾಜ್ಞೆ ಎಂದೆಲ್ಲ ಹೇಳುತ್ತಿದ್ದೆ. ನೀಲವ್ವ, "ಊಟಾ ಮಾಡ್ಕೊಂಡು ಹೋಗ್ರಿ, ಝುಣಕಾ ಮಾಡೀನಿ" ಎಂದಳು. ಕುತ್ತಿಗೆಯ ತನಕ ನಾಚಿಕೆಯಾಗಿ ಬಸ್ಸು ಹಿಡಿದೆವು. ಅನಾವರಣಕ್ಕೆ ನಾವು ಹೋಗಲಿಲ್ಲ. ಆ ದಿನ ಕಚೇರಿಯಲ್ಲಿ ಹಾಜರಿ ನಡೆಯಲಿಲ್ಲ. ನಾನು ಕಂಡಂತೆ ಅದೊಂದೇ ದಿನ.

ಅನಾವರಣವಾದ ಎರಡನೆಯ ಬೆಳಿಗ್ಗೆ ತಾತ್ಯಾ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

"ಲಗೂನ ಬರ್ರಿ. ನಿಮ್ಮ ನೀಲವ್ವ ಬಂದೂಕು ಬಿಚ್ಯಾಳ."

ನಡೆದದ್ದು ಇಷ್ಟು. ಮೂರ್ತಿ ಕೂರಿಸುವ ದಿನ ಪ್ರಕಾಶ ಮಿಸ್ತ್ರಿ ಅವಳ ಮನೆಗೆ ನೀರು ಕೇಳಿ ಬಂದಿದ್ದ. ಚರಿಗೆ ಕೊಡುತ್ತ ಅವಳು, ಅದನ್ನು ಹೇಗೆ ಕೂಡಿಸಿದ್ದೀರಿ ಎಂದು ಕೇಳಿದ್ದಾಳೆ. ಎರಡೇ ಬೋಲ್ಟು, ಬಣ್ಣ ಹಚ್ಚಬೇಕಾದಾಗ ಬಿಚ್ಚಿ ಮತ್ತೆ ಕೂಡಿಸಬಹುದು, ಬೋಲ್ಟು ತಿರುಗಿಸುವ ಹನ್ನೆರಡು-ಹದಿಮೂರರ ಪಾನಾ ಸಾಕು ಎಂದು ಅವನು ಹೇಳಿದ್ದಾನೆ. ಸೈಕಲ್ ಅಂಗಡಿಯಿಂದ ಪಾನಾ ಕೇಳಿ ತಂದು, ಸ್ಟೂಲು ಹಾಕಿ ಹತ್ತಿ, ಬೆಳಿಗ್ಗೆ ಕಸ ಗುಡಿಸುವ ಹೊತ್ತಿಗೆ ಬಂದೂಕು ಬಿಚ್ಚಿದ್ದಾಳೆ. ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಹಾಕಿ, ತಾತ್ಯಾ ಅವರ ಮನೆಗೆ ಒಯ್ದು ಜಗುಲಿಯ ಮೇಲಿಟ್ಟು, "ನಿಮ್ಮದು ನೀವು ಇಟ್ಕೋರಿ" ಎಂದು ಬಂದಿದ್ದಾಳೆ. ತಾತ್ಯಾ ಅವರ ಹೆಂಡತಿ ಅದನ್ನು ಹೊಸ್ತಿಲು ದಾಟಿಸಲು ಬಿಟ್ಟಿಲ್ಲ.

ನಾವು ಹೋಗುವಷ್ಟರಲ್ಲಿ ತಾತ್ಯಾ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೀಲವ್ವನ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಪೊಲೀಸರಿಗೆ ಹೇಳೋಣ ಎಂದವರಿಗೆ, ಮಗನ ಕೈಯಿಂದ ತಾಯಿ ತೆಗೆದದ್ದನ್ನು ಯಾವ ಕಲಮಿನಲ್ಲಿ ಬರೆಸುತ್ತೀರಿ ಎಂದು ಕೇಳಿ ಅವರೇ ಬಾಯಿ ಮುಚ್ಚಿಸಿದ್ದರು.

"ನೀಲಾ, ಹಿಂಗ ಮಾಡೂಣು" ಎಂದರು. "ಸ್ವಾತಂತ್ರ್ಯ ದಿನಾ, ಗಣರಾಜ್ಯ ದಿನಾ ಎರಡು ದಿನಾ ಹಚ್ಚತೀವಿ. ಮಂದಿ ಬರತಾರ, ಝೇಂಡಾ ಏರಸತಾರ. ಉಳದ ದಿನಾ ಪಂಚಾಯ್ತಿ ಕಪಾಟಿನ್ಯಾಗ ಇರಲಿ. ಆತೇನು?"

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ತತ್ತ್ವದ ವಿಷಯದಲ್ಲಿ ಎರಡು ದಿನವೂ ಒಂದೇ, ಎರಡು ನೂರು ದಿನವೂ ಒಂದೇ ಎಂದೆ. ಆ ಎರಡು ದಿನವೇ ಎಲ್ಲರೂ ನೋಡುವ ದಿನಗಳು, ಇದು ರಾಜಿಯಲ್ಲ ಸೋಲು, ಒಪ್ಪಬೇಡಿ ಎಂದೆ. ಸುಬೇದಾರರೂ ನನ್ನ ಪರವಾಗಿ ತಲೆ ಆಡಿಸಿದರು. ದಸ್ತಗೀರ್ ಸಾಹೇಬರು ಮಾತ್ರ ಬೋಲ್ಟಿನ ತೂತಿಗೆ ನೀರು ಇಳಿಯದಂತೆ ಬೂಚು ಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ನೀಲವ್ವ ಎಲ್ಲವನ್ನೂ ಕೇಳಿದಳು. ಅವಳು ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಇರಲಿ ಬಿಡ್ರಿ ಬಾಯಾರ" ಎಂದಳು. "ಎರಡ ದಿನಾ ಡ್ಯೂಟಿ ಮಾಡ್ಲಿ. ಊರವರ ಮಗಾನೂ ಹೌದಲ್ಲ ಅವಾ. ಉಳದ ದಿನಾ ಸುಟಿ ಮ್ಯಾಲೆ ಮನಿಗಿ ಬಂದಾನಂತ ತಿಳ್ಕೋತೀನಿ. ಬದುಕಿದ್ದಾಗ ಇಷ್ಟು ಸುಟಿ ಯಾರು ಕೊಟ್ಟಿದ್ರು?"

ತಾತ್ಯಾ ಚೀಲ ಎತ್ತಿಕೊಂಡು ಪಂಚಾಯ್ತಿಯ ಕಡೆ ಹೊರಟರು. ನಾನು ಅವಳ ಎದುರು ಅಂಗಳದಲ್ಲಿ ನಿಂತೇ ಇದ್ದೆ. ಇದಕ್ಕೊಂದು ಪ್ರತಿವಾದ ಇರಲೇಬೇಕು, ಎಲ್ಲ ಮಾತಿಗೂ ಇರುತ್ತದೆ ಎಂದು ಹುಡುಕುತ್ತಿದ್ದೆ.

"ಸ್ವಲ್ಪ ಸರೀರಿ" ಎಂದಳು ನೀಲವ್ವ.

"ಯಾಕ್ರಿ ಅವ್ವಾ?"

ಅವಳು ಬಳ್ಳೊಳ್ಳಿ ಹಿಡಿದ ಕೈಯಿಂದಲೇ ನನ್ನ ಬೆನ್ನ ಹಿಂದೆ ತೋರಿಸಿದಳು. ತಿರುಗಿ ನೋಡಿದೆ. ಬಂದೂಕಿಲ್ಲದ ಈರಣ್ಣ. ಮುಂದಕ್ಕೆ ಚಾಚಿ ಬಿಗಿಹಿಡಿದ ಎರಡು ಕೈ, ಓಡುವ ಕಾಲು, ತೆರೆದ ಬಾಯಿ.

"ಈಗ ನೋಡ್ರಿ, ಖರೇ ಅವನಾ. ಮದವಿ ಮನ್ಯಾಗ ಸಾರಿನ ಪಾತೇಲಿ ಹಿಡ್ಕೊಂಡು ಪಂಕ್ತ್ಯಾಗ ಬರೂಮುಂದ ಹಿಂಗಾ ಒದರತಿದ್ದ. ಸರೀರೀ, ಸುಡತೈತಿ, ಸರೀರೀ!"

ನಾನು ಅವನ ದಾರಿಗೆ ಅಡ್ಡ ನಿಂತಿದ್ದೆ. ಸರಿದೆ.